ಉಡುಪಿ ಕರಾವಳಿಯ ಪ್ರವಾಸೋದ್ಯಮದಲ್ಲಿ ಹೊರಗಿನ ಕಾರ್ಮಿಕರ ನೇಮಕಾತಿ: ಮಾಲೀಕರು ಹಾಗೂ ಕಾರ್ಮಿಕರ ಗಮನಕ್ಕೆ

ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಅಂಬಲಪಾಡಿಯಿಂದ ಮೊದಲುಗೊಂಡು ಮಲ್ಪೆ, ಕಾಪು ಹಾಗೂ ಪಡುಬಿದ್ರಿಯ ಕಡಲತೀರಗಳವರೆಗೆ ಇರುವ ಹೋಟೆಲು ಮತ್ತು ವಸತಿಗೃಹಗಳಲ್ಲಿ ಅಡುಗೆ, ಬಡಿಸುವಿಕೆ, ಪಾತ್ರೆ ತೊಳೆಯುವಿಕೆ ಮತ್ತು ಕೊಠಡಿಗಳ ಶುಚಿತ್ವದ ಕೆಲಸಗಳಿಗೆ ಸ್ಥಳೀಯರು ದೊರೆಯುವುದು ವಿರಳವಾಗಿದೆ. ಈ ಕೊರತೆಯನ್ನು ಉತ್ತರ ಕರ್ನಾಟಕದ ಜಿಲ್ಲೆಗಳಿಂದಲೂ, ಒಡಿಶಾ, ಜಾರ್ಖಂಡ್, ಬಿಹಾರ ಮುಂತಾದ ರಾಜ್ಯಗಳಿಂದಲೂ ಬರುವ ಕಾರ್ಮಿಕರು ತುಂಬುತ್ತಿದ್ದಾರೆ. ಇಂತಹ ನೇಮಕಾತಿಗೆ ಅನ್ವಯವಾಗುವ ಕಾನೂನು ಮತ್ತು ಅಗತ್ಯ ದಾಖಲೆಗಳ ಬಗ್ಗೆ ಸಾರ್ವಜನಿಕರಿಗೆ ಈ ಕೆಳಗಿನಂತೆ ಮಾಹಿತಿ ನೀಡಲಾಗಿದೆ.

ಹೋಟೆಲ್ ಕೆಲಸಕ್ಕೆ ಜನರನ್ನು ಹೊರಗೆ ಕಳುಹಿಸಿದ ಜಿಲ್ಲೆಯೇ ಇಂದು ಹೊರಗಿನಿಂದ ಜನರನ್ನು ಕರೆಸಿಕೊಳ್ಳುತ್ತಿರುವುದು ಗಮನಾರ್ಹ. ಕೋಟ ಸಮೀಪದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರ ಗೃಹವೇ ಮುಂದೆ ಎಂ.ಟಿ.ಆರ್. ಎಂದು ಹೆಸರಾಯಿತು. ಮದರಾಸು, ಮುಂಬಯಿಗಳಲ್ಲಿಯೂ 'ಉಡುಪಿ ಹೋಟೆಲ್' ಎಂಬ ಹೆಸರು ನೆಲೆಗೊಂಡಿತು. ಆ ವಲಸೆಯಲ್ಲಿ ಊರಿನವರೇ ಊರಿನವರನ್ನು ಕರೆದೊಯ್ಯುತ್ತಿದ್ದುದರಿಂದ ಪರಿಚಯವೇ ದಾಖಲೆಯಾಗಿತ್ತು. ಹೊರಹೋಗುವಿಕೆ ಇನ್ನೂ ನಿಂತಿಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯಲ್ಲಿ 1,000 ಪುರುಷರಿಗೆ 1,094 ಮಹಿಳೆಯರಿದ್ದುದಕ್ಕೆ ದುಡಿಯುವ ಪುರುಷರು ಪರಸ್ಥಳಗಳಲ್ಲಿರುವುದೂ ಒಂದು ಕಾರಣ. ಈಗ ಇಲ್ಲಿಗೆ ಬರುತ್ತಿರುವವರಿಗಾದರೋ ಬಂಧುಬಳಗದ ಆಸರೆ ಇಲ್ಲ. ಅವರಿಗೆ ಕಾಗದಪತ್ರವೇ ಆಧಾರ.

ಆದರೆ ಆ ಆಧಾರ ಎಲ್ಲರಿಗೂ ಸಮನಾಗಿ ದೊರೆಯುತ್ತಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯು ಅಂತಹ ಐವರು ಅಥವಾ ಅದಕ್ಕಿಂತ ಹೆಚ್ಚಿನ ಕಾರ್ಮಿಕರಿದ್ದ ಸಂಸ್ಥೆಗಳಿಗೆ ಅನ್ವಯವಾಗುತ್ತಿತ್ತಾದರೂ ಗುತ್ತಿಗೆದಾರರ ಮೂಲಕ ಬಂದವರನ್ನು ಮಾತ್ರ ಪರಿಗಣಿಸುತ್ತಿತ್ತು. ಅದರ ಬದಲಿಗೆ ದಿನಾಂಕ 21.11.2025ರಿಂದ ಜಾರಿಗೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಸ್ವತಃ ಬಂದು ಕೆಲಸಕ್ಕೆ ಸೇರಿದವರನ್ನೂ ವಲಸೆ ಕಾರ್ಮಿಕರೆಂದು ಒಪ್ಪಿಕೊಂಡಿದೆ ಮತ್ತು ಸ್ವಂತ ಊರಿಗೆ ಹೋಗಿಬರುವ ಪ್ರಯಾಣ ವೆಚ್ಚವನ್ನು ಮಾಲೀಕರೇ ನೀಡಬೇಕೆಂದು ವಿಧಿಸಿದೆ. ಇದು ಸ್ವಾಗತಾರ್ಹ. ಆದರೆ ಸಂಖ್ಯೆಯ ಮಿತಿ ಐದರಿಂದ ಹತ್ತಕ್ಕೆ ಏರಿದೆ. ಕಡಲತೀರದ ಸಣ್ಣ ಹೋಟೆಲುಗಳಲ್ಲಿ ಹೊರರಾಜ್ಯದವರು ನಾಲ್ಕೈದು ಮಂದಿ ಇರುವುದೇ ಹೆಚ್ಚು. ಹೀಗಾಗಿ, ಅತ್ಯಂತ ದುರ್ಬಲ ಸ್ಥಿತಿಯಲ್ಲಿರುವವರೇ ಈ ಸೌಲಭ್ಯಗಳಿಂದ ಹೊರಗುಳಿಯುವ ಸಂಭವವಿದೆ. ಇನ್ನು ಹಾವೇರಿ, ಕೊಪ್ಪಳ, ರಾಯಚೂರು ಕಡೆಯಿಂದ ಬಂದವರು ನೂರಾರು ಕಿಲೋಮೀಟರು ದೂರದಿಂದ ಬಂದಿದ್ದರೂ ರಾಜ್ಯದ ಗಡಿ ದಾಟಿಲ್ಲವಾದ್ದರಿಂದ ಹಳೆಯ ಕಾಯ್ದೆಯಲ್ಲಿಯೂ ವಲಸೆ ಕಾರ್ಮಿಕರಲ್ಲ, ಹೊಸ ಸಂಹಿತೆಯಲ್ಲಿಯೂ ಅಲ್ಲ.

ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2020ರ ಲಾಕ್‌ಡೌನ್ ತೋರಿಸಿಕೊಟ್ಟಿತು. ಯಾರು ಎಲ್ಲಿ ದುಡಿಯುತ್ತಿದ್ದಾರೆಂಬ ಪೂರ್ಣ ಪಟ್ಟಿ ದೇಶದ ಯಾವ ಭಾಗದಲ್ಲಿಯೂ ಸಿದ್ಧವಿರಲಿಲ್ಲ. ಕಾರ್ಮಿಕರ ನೋಂದಣಿಯನ್ನು ಪೂರ್ಣಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯವು 2021ರ ಜೂನ್‌ನಲ್ಲಿ ನಿರ್ದೇಶನ ನೀಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇ-ಶ್ರಮ್ ನೋಂದಣಿ ಆರಂಭವಾಯಿತು.

ಆದುದರಿಂದ ಸಣ್ಣ ಸಂಸ್ಥೆಗಳ ಮಾಲೀಕರು ಸಂಹಿತೆಯ ಮಿತಿಯನ್ನು ನೆಪವಾಗಿಸಿಕೊಳ್ಳದೆ, ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಅನ್ವಯ ನೋಂದಣಿ ಮಾಡಿಸಿಕೊಂಡು, ಕೆಲಸಕ್ಕೆ ಸೇರಿದ 30 ದಿನಗಳೊಳಗೆ ಲಿಖಿತ ನೇಮಕಾತಿ ಆದೇಶ ನೀಡತಕ್ಕದ್ದು. ವೇತನವನ್ನು ಬ್ಯಾಂಕ್ ಖಾತೆಗೆ ಜಮೆ ಮಾಡುವುದು ಉಭಯತ್ರರಿಗೂ ಕ್ಷೇಮ. ಮುಂಗಡ ಹಣ ನೀಡಿದ ಕಾರಣಕ್ಕೆ ಕಾರ್ಮಿಕರ ಆಧಾರ್ ಚೀಟಿಯನ್ನು ಇಟ್ಟುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಸಾಲಕ್ಕಾಗಿ ಒಬ್ಬರನ್ನು ಕೆಲಸಕ್ಕೆ ಕಟ್ಟಿಹಾಕುವುದು 1976ರ ಜೀತ ಪದ್ಧತಿ ನಿರ್ಮೂಲನೆ ಕಾಯ್ದೆಯಡಿ ಅಪರಾಧ. ಹಂಗಾಮಿನ ನಡುವೆ ಕಾರ್ಮಿಕರು ಬಿಟ್ಟುಹೋಗುತ್ತಾರೆಂಬ ಮಾಲೀಕರ ದೂರಿನಲ್ಲಿ ನಿಜವಿರಬಹುದು. ಆದರೆ ವಾಸಕ್ಕೆ ಯೋಗ್ಯವಾದ ಕೊಠಡಿ ಮತ್ತು ವಾರದ ರಜೆ ದೊರೆಯುವ ಕಡೆ ಜನರು ನಿಲ್ಲುತ್ತಾರೆ ಎಂಬುದೂ ಅಷ್ಟೇ ನಿಜ.

ಕಾರ್ಮಿಕರು ತಮ್ಮ ಊರಿನ ಪಡಿತರ ಚೀಟಿಯನ್ನು ರದ್ದುಪಡಿಸುವ ಅಗತ್ಯವಿರುವುದಿಲ್ಲ. 'ಒಂದು ರಾಷ್ಟ್ರ ಒಂದು ಪಡಿತರ ಚೀಟಿ' ವ್ಯವಸ್ಥೆಯಡಿ, ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳು ಆಧಾರ್ ಜೋಡಣೆಯಾಗಿದ್ದಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ತಮ್ಮ ಪಾಲನ್ನು ಪಡೆಯಬಹುದು. ಉಳಿದ ಪಾಲನ್ನು ಕುಟುಂಬದವರು ಊರಿನಲ್ಲಿಯೇ ಪಡೆಯಬಹುದು. ಭವಿಷ್ಯನಿಧಿ ಅಥವಾ ಇ.ಎಸ್.ಐ. ವ್ಯಾಪ್ತಿಗೆ ಬಾರದ 16ರಿಂದ 59 ವರ್ಷದೊಳಗಿನವರು ಆಧಾರ್, ಮೊಬೈಲ್ ಸಂಖ್ಯೆ ಹಾಗೂ ಬ್ಯಾಂಕ್ ಖಾತೆಯ ವಿವರಗಳೊಂದಿಗೆ ಇ-ಶ್ರಮ್‌ನಲ್ಲಿ ನೋಂದಾಯಿಸಿಕೊಳ್ಳಬಹುದು.

ವೇತನ ಬಾಕಿ ಇದ್ದಲ್ಲಿ ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಬಹುದು. ಕೆಲಸ ಮಾಡಿದ ಸ್ಥಳ, ಅವಧಿ ಮತ್ತು ಒಪ್ಪಿದ ವೇತನವನ್ನು ಅರ್ಜಿಯಲ್ಲಿ ನಮೂದಿಸುವುದು. ನೇಮಕಾತಿ ಆದೇಶ ಇಲ್ಲದಿದ್ದಲ್ಲಿ, ಬ್ಯಾಂಕ್ ಪಾಸ್‌ಪುಸ್ತಕದಲ್ಲಿ ವೇತನ ಜಮೆಯಾದ ಪುಟದ ಪ್ರತಿಯನ್ನು ಲಗತ್ತಿಸುವುದು.