ಬಿಲ್ಲು ಹಿಡಿದ ಅಣ್ಣಾವ್ರೂ ನಮ್ಮಜ್ಜನೂ

ಈ ವಾರ ತಾರೆಯರ ಸುದ್ದಿ ಸ್ವಲ್ಪ ಬದಿಗಿರಲಿ. ನಮ್ಮ ಸಂತೆಗುಳಿ ಕಡೆ ಹೋಗಿಬರೋಣ.

ಸಣ್ಣವನಿದ್ದಾಗ ಕುಮಟೆಯ ಟೆಂಟಿನಲ್ಲಿ 'ಬೇಡರ ಕಣ್ಣಪ್ಪ' ನೋಡಿ ಬಂದೆ. 1954ರ ಚಿತ್ರ, ರಾಜ್‌ ನಾಯಕರಾದ ಮೊದಲನೇದು. ನಮ್ಮೂರ ಕಡೆ ಬರುವಾಗ ರೀಲೆಲ್ಲ ಮಳೆ ಸುರಿದಂತೆ ಗೀಚಿ ಹೋಗಿತ್ತು. ಆದರೇನು! ಮರುದಿನವೇ ಬಿದಿರು ಬಗ್ಗಿಸಿ, ಹುರಿ ಕಟ್ಟಿ, ಅಜ್ಜನೆದುರು ಪೋಸು ಕೊಟ್ಟೆ. ಅಜ್ಜ ನಗಲಿಲ್ಲ.

"ನಾವೂ ಹೋಗಿದ್ವು ತಮಾ, ಹತ್ತು ಜನ. ಬಿಲ್ಲು ಹಿಡ್ಕಂಡು, ಕರಡಿಗೆ" ಅಂದ.

ಅರ್ಧ ಜನ ಕೂಗು ಹಾಕಿ ಕಾಡು ಸೋವುವುದು, ಉಳಿದವರು ಹಾದಿಗಡ್ಡ ಕಾಯುವುದು. ಬಾಣ ತಗುಲಿತು. ಸಿನಿಮಾದಲ್ಲಾದರೆ ಅಲ್ಲಿಗೆ ಕಟ್! ಕರಡಿ ಬೀಳಲಿಲ್ಲ ಮಾರಾಯರೇ. ಆ ದಟ್ಟ ಕೂದಲೊಳಗೆ ಬಾಣ ಎಷ್ಟು ಇಳಿಯಿತೋ! ಎದ್ದು ನಿಂತು, ಹತ್ತಿರವಿದ್ದವನ ಮುಖಕ್ಕೇ ಉಗುರು ಹಾಕಿತು. ಅವ ಅಜ್ಜನ ಜೊತೆಗಾರ. ಜೀವ ಉಳಿಯಿತು; ಆಮೇಲೆ ಜಾತ್ರೆಗೂ ಮುಖಕ್ಕೆ ವಸ್ತ್ರ ಸುತ್ತಿಕೊಂಡೇ ಬರುತ್ತಿದ್ದ.

ಬಾಣ ಬಿಟ್ಟವ ನಮ್ಮಜ್ಜ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಇವತ್ತು ಕರಡಿ ಬೇಟೆ ಅಂದರೆ ಜೈಲೇ ಗತಿ. ಮರುವರ್ಷ 'ಗಂಧದ ಗುಡಿ'. ಬೇಡನಾಗಿದ್ದ ಅದೇ ಅಣ್ಣಾವ್ರು ಈಗ ಅರಣ್ಯಾಧಿಕಾರಿ! ಕಾಡಿ ಬೇಡಿ ಅಜ್ಜನನ್ನು ಕರೆದೊಯ್ದೆ. ಮಧ್ಯಂತರದಲ್ಲಿ ಗೋಲಿ ಸೋಡಾ ಕೊಡಿಸಿದೆ.

"ಇಂಥ ಸಾಹೇಬ ಆವಾಗ ನಮ್ಮ ಕಾಡಿಗೆ ಬಂದಿದ್ರೆ..." ಎಂದವನು ಅರ್ಧಕ್ಕೇ ನಿಲ್ಲಿಸಿ, ಬಾಟಲಿಯ ಗೋಲಿ ಅಲ್ಲಾಡಿಸುತ್ತ ಕೂತ. ಬೆಲ್ಲಾಯಿತು. ಒಳಗೆ ಹೋದೆವು.