ಹುಕ್ಕೇರಿಯಿಂದ ಮೂಡಲಗಿಗೆ ಎರಡು ಬಾಣ

"ಕನ್ನಡ ಮೀಡಿಯಂ ಹುಡುಗರಿಗೆ ಪಿಯುಸಿ ಫಿಸಿಕ್ಸ್ ತಲೆಗೆ ಹತ್ತಲ್ಲ ಮಾರಾಯ, ಬೇಸೇ ವೀಕು." ನಮ್ಮ ಆಫೀಸಿನ ಕೆಫೆಟೇರಿಯಾದಲ್ಲಿ ಈ ಮಾತನ್ನು ವರ್ಷಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ. ಹೇಳುವವರು ಕೆಟ್ಟವರೇನಲ್ಲ. ಸಿಎಸ್‌ಆರ್ ಲೆಕ್ಕದಲ್ಲಿ ಹಳ್ಳಿ ಶಾಲೆಗೆ ಟ್ಯಾಬ್ ಹಂಚಿ, ಒಂದೇ ಬಣ್ಣದ ಟೀಶರ್ಟ್ ಹಾಕ್ಕೊಂಡು ಫೋಟೋ ತೆಗೆಸಿಕೊಂಡು ಬಂದವರೇ. ನನ್ನ ತಕರಾರು ಒಂದೇ. ಆ ಹುಡುಗರಿಗೆ ಆಗಲೇ ಏನು ಗೊತ್ತದ ಅಂತ ನೀವು ಕೇಳಲೇ ಇಲ್ಲ.

ನಾನು ಗೋಕಾಕ ಸೀಮೆಯ ಹಳ್ಳಿಯವನು. ನಮ್ಮ ಕಡೆ ಹುಡುಗರು ಸೈನ್ಸ್ ಬಿಡುವ ಜಾಗ ಯಾವುದು ಅಂತ ನನ್ನನ್ನು ಕೇಳಿದರೆ, ಫಸ್ಟ್ ಪಿಯುಸಿಯ ವೆಕ್ಟರ್ ಪಾಠ ಅಂತೀನಿ. ಹೈಸ್ಕೂಲಿನಲ್ಲಿ 'ಸ್ಥಾನಪಲ್ಲಟ' ಅಂತ ಓದಿರುತ್ತೇವೆ, 'ಸದಿಶ' ಅಂತಲೂ ಕೇಳಿರುತ್ತೇವೆ. ಎರಡು ತಿಂಗಳ ರಜೆ ಮುಗಿಯುವಷ್ಟರಲ್ಲಿ ಅದೆಲ್ಲ ಡಿಸ್‌ಪ್ಲೇಸ್‌ಮೆಂಟ್, ವೆಕ್ಟರ್ ಆಗಿಬಿಡುತ್ತದೆ. ನಮ್ಮ ಲೆಕ್ಚರರ್ ಮೊದಲ ದಿನವೇ ಬೋರ್ಡಿನ ತುಂಬ ಒಂದು ಸೂತ್ರ ಬರೆದರು: ಎ ವರ್ಗ, ಬಿ ವರ್ಗ, ಎರಡು ಎಬಿ ಕಾಸ್ ಥೀಟಾ, ಒಟ್ಟಾರೆ ವರ್ಗಮೂಲ. "ಬಾಯಿಪಾಠ ಮಾಡ್ರಿ, ಮಾರ್ಕ್ಸ್ ಗ್ಯಾರಂಟಿ" ಅಂದರು. ಥೀಟಾ ಅಂದ್ರೆ ಯಾವ ಕೋನ ಅಂತ ಅವರೂ ಹೇಳಲಿಲ್ಲ, ಎದ್ದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ನನ್ನ ಬೆಂಚಿನವ ದಸರಾಕ್ಕಿಂತ ಮೊದಲೇ ಆರ್ಟ್ಸಿಗೆ ಹೋದ. ಹೊಲದಲ್ಲಿ ನಿಂತು ಊರಿನ ದಾರಿಯನ್ನು ಕಣ್ಣು ಮುಚ್ಚಿ ತೋರಿಸುತ್ತಿದ್ದ ಹುಡುಗ ಅವನು.

ದಾರಿ ತೋರಿಸೋದು ಅಂದ್ರೆ ಸಣ್ಣ ಮಾತಲ್ಲ. ಬೆಂಗಳೂರಿನಲ್ಲಿ ನಾವು "ಲೆಫ್ಟ್ ತಗೋ, ರೈಟ್ ತಗೋ" ಅಂತೀವಿ. ನೀವು ಮೈ ತಿರುಗಿಸಿದರೆ ಆ ಲೆಫ್ಟೂ ತಿರುಗುತ್ತದೆ. ನಮ್ಮ ಕಡೆ ಹಿರಿಯರು "ಗುಡಿ ದಾಟಿ ಮೂಡಲಕ ಹೊರಳು, ಬಡಗಲ ಬದುವಿನ ಮ್ಯಾಲ ಹೋಗು" ಅಂತಾರೆ. ಮೂಡಲ ಎಂದರೆ ಯಾರು ಎತ್ತ ನಿಂತರೂ ಮೂಡಲವೇ. ಮೂಡಲಗಿ ಅನ್ನೋ ಹೆಸರಿನಲ್ಲೇ ಆ ಸದ್ದು ಕೇಳುತ್ತದೆ. ಫಿಸಿಕ್ಸ್ ಬೇಡುವುದು ಇದನ್ನೇ, ಅಲುಗಾಡದ ಎರಡು ಅಕ್ಷ. ಸಿಟಿ ಹುಡುಗರಿಗೆ ಕಲಿಸಬೇಕಾದ್ದನ್ನು ನಮ್ಮವರು ಮನೆಯಿಂದ ತಂದಿರುತ್ತಾರೆ.

ಈಗ ಲೆಕ್ಕ ನೋಡಿ. ಅಂಕಿಗಳು ನಕಾಶೆಯಿಂದ ಎತ್ತಿ ದುಂಡಗೆ ಮಾಡಿದವು. ಹುಕ್ಕೇರಿಯಿಂದ ಗೋಕಾಕ ಸುಮಾರು 24 ಕಿಲೋಮೀಟರ್ ಮೂಡಲಕ್ಕೆ, 7 ತೆಂಕಲಕ್ಕೆ. ಗೋಕಾಕದಿಂದ ಮೂಡಲಗಿ 14 ಮೂಡಲಕ್ಕೆ, 18 ಬಡಗಲಕ್ಕೆ. ಹುಕ್ಕೇರಿಯಿಂದ ಗೋಕಾಕಕ್ಕೊಂದು ಬಾಣ ಎಳೆಯಿರಿ. ಅದರ ತುದಿಗೆ ಎರಡನೆಯ ಬಾಣದ ಬುಡ ಇಟ್ಟು ಮೂಡಲಗಿಗೆ ಎಳೆಯಿರಿ. ಶುರುವಿನಿಂದ ಕೊನೆಗೆ ಎಳೆದ ಗೆರೆಯೇ ಉತ್ತರ. ಅಳೆಯಬೇಕಾದರೆ ಕಿರಾಣಿ ಅಂಗಡಿಯ ಜಮಾ-ಖರ್ಚಿನ ಹಾಗೆ ಎರಡು ಕಾಲಮ್ ಹಾಕಿ. ಮೂಡಲ ಜಮಾ, ಪಡುವಲ ಖರ್ಚು: 24 ಮತ್ತು 14, ಒಟ್ಟು 38. ಬಡಗಲ ಜಮಾ, ತೆಂಕಲ ಖರ್ಚು: 18ರಲ್ಲಿ 7 ಹೋದರೆ 11. ಆಮೇಲೆ ಎಂದೋ ಕಲಿತ ಪೈಥಾಗರಸ್: 39.6 ಕಿಲೋಮೀಟರ್, ಮೂಡಲದಿಂದ ಸುಮಾರು 16 ಡಿಗ್ರಿ ಬಡಗಲಕ್ಕೆ ವಾಲಿದ್ದು. ಎರಡು ಬಾಣಗಳ ಉದ್ದವನ್ನು ಸುಮ್ಮನೆ ಕೂಡಿಸಿದರೆ 47.8 ಬರುತ್ತದೆ. ಈ ಎರಡು ಅಂಕಿ ಯಾಕೆ ಬೇರೆ ಅಂತ ಕೇಳಿದರೆ, ಗೋಕಾಕ ಸುತ್ತು ಹಾಕಿ ಸಂತೆಗೆ ಹೋದವರ ಮನೆಯ ಕೂಸೂ ಹೇಳುತ್ತದೆ.

ಇದನ್ನೇ ಆ ಬೋರ್ಡಿನ ಸೂತ್ರಕ್ಕೆ ಹಾಕೋಣ. ಚಿತ್ರದಲ್ಲಿ ಗೋಕಾಕದ ಮೂಲೆಯಲ್ಲಿ ಕಾಣುವ ಕೋನ ಸುಮಾರು 112 ಡಿಗ್ರಿ. ಹುಡುಗ ಅದನ್ನೇ ಥೀಟಾ ಅಂದುಕೊಂಡು ಹಾಕುತ್ತಾನೆ, ಉತ್ತರ 27 ಬರುತ್ತದೆ. ಹನ್ನೆರಡು ಕಿಲೋಮೀಟರಿಗಿಂತ ಹೆಚ್ಚು ದಾರಿ ಮಾಯ! ಸೂತ್ರಕ್ಕೆ ಬೇಕಾದದ್ದು ಎರಡೂ ಬಾಣದ ಬುಡ ಒಂದೇ ಕಡೆ ಇಟ್ಟಾಗ ಸಿಗುವ 68 ಡಿಗ್ರಿ. ಚಿತ್ರ ಬರೆಯದವನಿಗೆ ಇದು ಎಂದಿಗೂ ಹೊಳೆಯದು. ನ್ಯೂಟನ್ನನೇ 1687ರ ಪ್ರಿನ್ಸಿಪಿಯಾದಲ್ಲಿ ಬಲ ಕೂಡಿಸುವುದನ್ನು ಸಮಾಂತರ ಚತುರ್ಭುಜದ ಚಿತ್ರ ಬರೆದು ತೋರಿಸಿದ. ನಮ್ಮ ಟ್ಯೂಷನ್ನಿನವರಿಗೆ ಮಾತ್ರ ಚಿತ್ರ ಅಂದ್ರೆ ಟೈಮ್ ವೇಸ್ಟು.

"ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಬಾಣ ಬರೀತಾ ಕೂರೋಕಾಗುತ್ತಾ?" ಅಂತಾರೆ. ಆಗುತ್ತೆ. ಮೂರು ಬಾಣ ಬಂದರೆ ಆ ಸೂತ್ರವನ್ನು ಎರಡು ಸಲ ಓಡಿಸಬೇಕು, ನಡುವೆ ಹೊಸ ಕೋನ ಬೇರೆ ಹುಡುಕಬೇಕು. ಕಾಲಮ್ಮಿಗೆ ಇನ್ನೊಂದು ಸಾಲು ಸೇರಿಸಿದರೆ ಮುಗೀತು. ಕೋಡ್ ಬರೆಯುವ ನಾವೂ ಮಾಡೋದು ಅದನ್ನೇ ಅಲ್ವಾ? ಯಾವ ಗೇಮಿನ ಕೋಡಿನಲ್ಲಿ ನೀವು ಕಾಸ್ ಥೀಟಾ ಸೂತ್ರದಿಂದ ಎರಡು ವೆಕ್ಟರ್ ಕೂಡಿಸಿದ್ದೀರಿ? ಎಕ್ಸ್‌ಗೆ ಎಕ್ಸ್, ವೈಗೆ ವೈ.

ಇನ್ನೊಂದು ಬಣ ಕನ್ನಡಾಭಿಮಾನಿಗಳದು. ಗೋಕಾಕ ಅಂದ ಕೂಡಲೇ ಇವರಿಗೆ 1982ರ ಚಳವಳಿ ನೆನಪಾಗುತ್ತದೆ. ಆ ಹೆಸರು ವಿ.ಕೃ. ಗೋಕಾಕರ ವರದಿಯದು, ನಮ್ಮೂರಿನದಲ್ಲ, ಇರಲಿ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ್ದು ಸರಿಯಾಗೇ ಇತ್ತು. ಆದರೆ ವೆಕ್ಟರಿಗೆ 'ಸದಿಶ' ಅಂತ ಹೆಸರಿಟ್ಟು ಕೈ ತೊಳಕೊಂಡರೆ ಕನ್ನಡದಲ್ಲಿ ವಿಜ್ಞಾನ ಬಂದಂತಾಯಿತೇ? ಹುಡುಗನ ಬಾಯಲ್ಲಿರುವ ಮೂಡಲ, ಬಡಗಲ ಪಾಠದೊಳಗೆ ಎಲ್ಲೂ ಇಲ್ಲ. ಅವನಿಗೆ ಸದಿಶವೂ ಬಾಯಿಪಾಠ, ವೆಕ್ಟರೂ ಬಾಯಿಪಾಠ.

ಇನ್ನು ಟ್ಯಾಬಿನ ವಿಡಿಯೋ. ಅದರಲ್ಲಿ ಒಬ್ಬ ಮನುಷ್ಯ ಊರಿಲ್ಲ ಕೇರಿಯಿಲ್ಲ, 3 ಕಿಲೋಮೀಟರ್ ಪೂರ್ವಕ್ಕೆ, 4 ಕಿಲೋಮೀಟರ್ ಉತ್ತರಕ್ಕೆ ನಡೀತಾ ಇರ್ತಾನೆ, ಯಾಕೆ ಅಂತ ಅವನಿಗೂ ಗೊತ್ತಿಲ್ಲ. ಅವನ ಬದಲು 2019ರ ಆಗಸ್ಟ್ ಕೇಳಿ. ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿತು. ಗೋಕಾಕದಿಂದ ಹೊಳೆಯಾಚೆ ಹೋಗಬೇಕಾದವರಿಗೆ ದಾರಿ ಎಷ್ಟು ಬೆಳೆಯಿತು, ಸ್ಥಾನಪಲ್ಲಟ ಎಷ್ಟು ಬದಲಾಯಿತು? ಎರಡನೆಯದಕ್ಕೆ ಉತ್ತರ ಸೊನ್ನೆ. ಆ ಸೊನ್ನೆಯ ಬಗ್ಗೆ ಕ್ಲಾಸಿನಲ್ಲಿ ಜಗಳವಾಗಲಿ, ಒಂದು ಪಿರಿಯಡ್ ಪೂರ್ತಿ ಹೋಗಲಿ. ಮರುದಿನ ಹಿಡಕಲ್ ಡ್ಯಾಮಿನಿಂದ ಹೊರಟ ನೀರಿನ ಲೆಕ್ಕ ಕೊಡಿ. ಗೋಕಾಕ ಫಾಲ್ಸಿಗೆ ಬಂದಾಗ ಅದು 52 ಮೀಟರ್ ಕೆಳಗೆ ಬೀಳುತ್ತದಲ್ಲ, ಅದನ್ನು ಎಲ್ಲಿ ಬರೆಯೋದು ಅಂತ ಹುಡುಗರು ಕೇಳುತ್ತಾರೆ. ಮೂರನೇ ಕಾಲಮ್ಮಿಗೆ ಗೆರೆ ಅವರೇ ಎಳೆಯಲಿ.