ಹಣ್ಣಿನ ರಸದ ವೇಷದಲ್ಲಿ ಮದ್ಯ



ಕಳೆದ ಬೇಸಿಗೆಯಲ್ಲಿ ಮಳವಳ್ಳಿ ತಾಲ್ಲೂಕಿನ ರೈತರೊಬ್ಬರು ಮಗನ ಹೊಟ್ಟೆಯುರಿಗೆ ಔಷಧಿ ಕೇಳಿಕೊಂಡು ನನ್ನಲ್ಲಿಗೆ ಬಂದಿದ್ದರು. ಹುಡುಗ ಪಿ.ಯು.ಸಿ. ವಿದ್ಯಾರ್ಥಿ. ನಾನು ನಾಡಿ, ನಾಲಗೆ ನೋಡಿ ಮುಗಿಸುವಷ್ಟರಲ್ಲಿ ತಂದೆ ಜೇಬಿನಿಂದ ಕಾಗದದ ಪುಟ್ಟ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. “ಇವನ ಬ್ಯಾಗಲ್ಲಿತ್ತು ಡಾಕ್ಟ್ರೇ. ಜ್ಯೂಸು ಅಂದ್ಕೊಂಡು ಎರಡು ದಿನ ಸುಮ್ನಿದ್ದೆ. ಮೂಸಿದ ಮೇಲೆ ಗೊತ್ತಾಯ್ತು” ಎಂದರು. ಅದು 90 ಮಿಲಿಲೀಟರ್ ವಿಸ್ಕಿಯ ಟೆಟ್ರಾ ಪ್ಯಾಕ್. ಆ ತಂದೆ ಮೋಸಹೋದದ್ದು ಅವರ ಅಜ್ಞಾನದಿಂದಲ್ಲ, ಪೊಟ್ಟಣದ ರೂಪದಿಂದ.

ಇದು ನಮ್ಮ ಜಿಲ್ಲೆಗಷ್ಟೇ ಸೇರಿದ ಸಂಗತಿಯಲ್ಲ. ಮದ್ಯದ ಉದ್ಯಮವು ಯುವಜನರನ್ನು ಸೆಳೆಯಲು ಜಗತ್ತಿನಾದ್ಯಂತ ಹೊದಿಕೆಯನ್ನು ಬದಲಿಸುತ್ತಿದೆ. ಹಿಂದೆ ವೈನ್ ಸೀಸೆಯ ಮೇಲೆ ದ್ರಾಕ್ಷಿತೋಟದ ಹೆಸರು, ಇಸವಿ, ಹಳೆಯ ಬಂಗಲೆಯ ಚಿತ್ರವಿರುತ್ತಿದ್ದವು. ಆಸ್ಟ್ರೇಲಿಯಾದ ‘ಯೆಲ್ಲೋ ಟೇಲ್’ ವೈನ್ ಆ ಜಾಗದಲ್ಲಿ ಬಣ್ಣದ ಕಾಂಗರೂವನ್ನು ಕೂರಿಸಿತು. ‘19 ಕ್ರೈಮ್ಸ್’ ಎಂಬ ವೈನಿನ ಸೀಸೆಗೆ ಮೊಬೈಲ್ ಹಿಡಿದರೆ ಲೇಬಲಿನಲ್ಲಿರುವ ಕೈದಿಯೇ ಮಾತನಾಡುತ್ತಾನೆ. ನಮ್ಮ ದೇಶದಲ್ಲಿ ಸುಲಾ ಸಂಸ್ಥೆಯ ‘ದಿಯಾ’, ಫ್ರಾಟೆಲ್ಲಿಯ ‘ಟಿಲ್ಟ್’ ವೈನುಗಳು ತಂಪುಪಾನೀಯದಂತೆ ಬಣ್ಣದ ಡಬ್ಬಿಗಳಲ್ಲಿ ಬಂದಿವೆ. ನಗರದ ಯುವಕರಿಗೆ ಡಬ್ಬಿ, ಹಳ್ಳಿಯ ಯುವಕರಿಗೆ ಟೆಟ್ರಾ ಪ್ಯಾಕ್. ಬೆಲೆ ಬೇರೆ, ಉಪಾಯ ಒಂದೇ. ಟಿ.ವಿ.ಯಲ್ಲಿ ಮದ್ಯದ ಜಾಹೀರಾತಿಗೆ ನಿಷೇಧವಿರುವುದರಿಂದ ಲೇಬಲೇ ಜಾಹೀರಾತಾಗಿದೆ.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಪ್ಯಾಕೆಟ್ಟುಗಳಿಂದ ಎಷ್ಟು ಮನೆಗಳು ಹಾಳಾದವೆಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಹಿರಿಯರಿಗೆ ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ಪ್ಯಾಕೆಟ್ ಹೋಯಿತು; ಅದರ ಸ್ಥಾನಕ್ಕೆ ಅಂದವಾದ ಕಾಗದದ ಪೊಟ್ಟಣ ಬಂದಿತು. ಭಾರತದ ಬಹುಪಾಲು ಅಗ್ಗದ ವಿಸ್ಕಿಗೆ ಕಾಕಂಬಿಯಿಂದ ತೆಗೆದ ಮದ್ಯಸಾರವೇ ಆಧಾರ. ನಾಲೆಯ ನೀರಿನಲ್ಲಿ ನಾವು ಬೆಳೆದ ಕಬ್ಬಿನ ಉಳಿಕೆಯೇ ಬಣ್ಣದ ಅಂಗಿ ತೊಟ್ಟು ನಮ್ಮ ಮಕ್ಕಳ ಕೈಗೆ ಮರಳುತ್ತಿದೆ.

ಪೊಟ್ಟಣ ಚಿಕ್ಕದಾದ್ದರಿಂದ ಹಾನಿಯೂ ಚಿಕ್ಕದೆಂದು ಭಾವಿಸಬಾರದು. ಈ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರವಿರುತ್ತದೆ. ಅಂದರೆ 90 ಮಿಲಿಲೀಟರಿನಲ್ಲಿ ಸುಮಾರು 30 ಗ್ರಾಂ ಶುದ್ಧ ಮದ್ಯಸಾರ. ಆರೋಗ್ಯವಂತನ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಎರಡು ನಿಮಿಷದಲ್ಲಿ ಹೀರಿದ್ದನ್ನು ಕಳೆಯಲು ದೇಹವು ಮೂರು ನಾಲ್ಕು ಗಂಟೆ ದುಡಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1988ರಲ್ಲಿಯೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ವೈನ್ ಇದಕ್ಕೆ ಹೊರತಲ್ಲ.

“ದ್ರಾಕ್ಷಾಸವ ಕೊಡುತ್ತೀರಲ್ಲ, ವೈನೂ ದ್ರಾಕ್ಷಿಯದೇ ತಾನೆ?” ಎಂದು ಕೆಲವರು ನನ್ನನ್ನು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಆಸವದಲ್ಲಿಯೂ ಹುಳಿಯುವಿಕೆಯಿಂದ ಹುಟ್ಟಿದ ಅಲ್ಪ ಮದ್ಯಸಾರವಿದೆ. ಆದರೆ ಅದರ ಪ್ರಮಾಣ 12ರಿಂದ 24 ಮಿಲಿಲೀಟರ್. ಊಟದ ನಂತರ, ಸಮನಾಗಿ ನೀರು ಬೆರೆಸಿ, ವೈದ್ಯರು ಹೇಳಿದಷ್ಟು ದಿನ ಮಾತ್ರ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ಮದಾತ್ಯಯವನ್ನು ಕುರಿತದ್ದು. ಲಘು, ಉಷ್ಣ, ತೀಕ್ಷ್ಣ ಮೊದಲಾದ ಮದ್ಯದ ಹತ್ತು ಗುಣಗಳು ಓಜಸ್ಸಿನ ಹತ್ತು ಗುಣಗಳಿಗೆ ನೇರ ವಿರುದ್ಧವೆಂದು ಅಲ್ಲಿ ಹೇಳಿದೆ. ಮದ್ಯವನ್ನು ಹೊಗಳುವವರು ಉದಾಹರಿಸುವ ಮಾತುಗಳೂ ಅದೇ ಅಧ್ಯಾಯದಲ್ಲಿವೆ, ಅದನ್ನು ಮುಚ್ಚಿಡಬಾರದು. ಆದರೆ ಆಚಾರ್ಯರು ಅಲ್ಲಿ ವಿಧಿ, ಮಾತ್ರೆ, ಕಾಲ, ಹಿತವಾದ ಅನ್ನ, ಕುಡಿಯುವವನ ಬಲ ಇವೆಲ್ಲವನ್ನೂ ಕಟ್ಟಳೆಯಾಗಿ ವಿಧಿಸಿದ್ದಾರೆ. ಇಂದಿನ ಪೊಟ್ಟಣವು ಈ ಎಲ್ಲ ಕಟ್ಟಳೆಗಳನ್ನೂ ತೆಗೆದುಹಾಕುತ್ತದೆ. ಲೋಟ ಬೇಡ, ನೀರು ಬೇಡ, ಊಟ ಬೇಡ, ಮರೆಯೂ ಬೇಡ. ಬಸ್ಸಿನಲ್ಲಿ, ಗಗನಚುಕ್ಕಿಯ ಬಂಡೆಯ ಮೇಲೆ, ಹಾಸ್ಟೆಲಿನ ಮಹಡಿಯಲ್ಲಿ ಹೀರಿ ಎಸೆದರಾಯಿತು.

ಎಚ್ಚರಿಕೆಯ ಮಾತು ಮುದ್ರಿತವಾಗಿದೆಯಲ್ಲ ಎನ್ನಬಹುದು. 2018ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ 200 ಮಿಲಿಲೀಟರ್‌ವರೆಗಿನ ಪೊಟ್ಟಣದ ಮೇಲೆ ಎಚ್ಚರಿಕೆಯ ಅಕ್ಷರಗಳು ಒಂದೂವರೆ ಮಿಲಿಮೀಟರ್ ಎತ್ತರವಿದ್ದರೆ ಸಾಕು. ಸಾಸಿವೆ ಕಾಳಿನ ಗಾತ್ರ! ಸಿಗರೇಟು, ಬೀಡಿಗಳ ಪೊಟ್ಟಣದಲ್ಲಾದರೋ 2016ರಿಂದ ಶೇ. 85ರಷ್ಟು ಭಾಗವನ್ನು ಚಿತ್ರಸಹಿತ ಎಚ್ಚರಿಕೆಯೇ ಆವರಿಸಿದೆ. ತಂಬಾಕಿಗೆ ಒಂದು ನ್ಯಾಯ, ಮದ್ಯಕ್ಕೆ ಇನ್ನೊಂದು ನ್ಯಾಯವೇ?

2025ರ ನವೆಂಬರಿನಲ್ಲಿ ಎರಡು ಮದ್ಯ ಕಂಪನಿಗಳ ನಡುವಣ ಹೆಸರಿನ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಆಗ ಟೆಟ್ರಾ ಪ್ಯಾಕನ್ನು ಕಂಡ ನ್ಯಾಯಮೂರ್ತಿಗಳು, ಇದು ಹಣ್ಣಿನ ರಸದಂತೆ ಕಾಣುತ್ತದೆ, ಮಕ್ಕಳು ಶಾಲೆಗೂ ಒಯ್ಯಬಹುದು ಎಂದು ಕಳವಳ ವ್ಯಕ್ತಪಡಿಸಿದರು. ಮಳವಳ್ಳಿಯ ಆ ತಂದೆಯ ಅನುಭವವೂ ಅದೇ.

ಕಾಗದದ ಪೊಟ್ಟಣ ಒಡೆಯುವುದಿಲ್ಲ, ಕಲಬೆರಕೆಗೆ ಅವಕಾಶ ಕಡಿಮೆ, ಬಡವನಿಗೆ ಎಟಕುತ್ತದೆ ಎಂಬ ವಾದವಿದೆ. ಮೊದಲೆರಡು ಮಾತು ನಿಜವಿರಬಹುದು. ಆದರೆ ಒಡೆಯದ ಪೊಟ್ಟಣ ಹಣ್ಣಿನ ರಸದಂತೆಯೇ ಕಾಣಬೇಕೆಂದೇನೂ ಇಲ್ಲ. ಬಡವನಿಗೆ ಎಟಕುವುದೆಂದರೆ ಅವನ ಮಗನಿಗೂ ಎಟಕುವುದೆಂದೇ ಅರ್ಥ.

ಲೇಬಲಿಗೆ ಅಬಕಾರಿ ಇಲಾಖೆಯ ಅನುಮೋದನೆ ಬೇಕು; ಆದ್ದರಿಂದ ಇದನ್ನು ತಡೆಯುವ ಅಧಿಕಾರ ಸರ್ಕಾರದ ಕೈಯಲ್ಲಿಯೇ ಇದೆ. ಹಣ್ಣಿನ ರಸವನ್ನು, ತಂಪುಪಾನೀಯವನ್ನು ಹೋಲುವ ಪೊಟ್ಟಣಗಳಿಗೆ ಅನುಮತಿ ಕೊಡಬಾರದು. ಎಚ್ಚರಿಕೆಯು ದಪ್ಪ ಕನ್ನಡ ಅಕ್ಷರಗಳಲ್ಲಿ, ಮುಂಭಾಗದಲ್ಲಿಯೇ ಇರಬೇಕು. ಕೇಳಿದರೆ ಫಲವಿಲ್ಲವೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡನ್ನು 2023ರ ಜನವರಿಯಲ್ಲಿ ರಾಜ್ಯ ಸರ್ಕಾರ ಹೊರಡಿಸಿ, ಜನರ ಆಕ್ಷೇಪಕ್ಕೆ ಮಣಿದು ಹಿಂತೆಗೆದುಕೊಂಡಿತು.

ಹೆಂಡ ಮಾರುವ ವೃತ್ತಿಯಲ್ಲಿದ್ದ ಹೆಂಡದ ಮಾರಯ್ಯನವರು ಶರಣರಾದ ಮೇಲೆ, ಕುಡಿಯಲು ಬಂದವರಿಗೇ ಕುಡಿತದ ಕೇಡನ್ನು ತಿಳಿಹೇಳಿದರೆಂದು ಪ್ರತೀತಿ. ಹನ್ನೆರಡನೆಯ ಶತಮಾನದ ಮಾರಾಟಗಾರನೊಬ್ಬ ಮುಚ್ಚುಮರೆಯಿಲ್ಲದೆ ಹೇಳಿದ್ದನ್ನು ಇಂದಿನ ಲೇಬಲು ಸಾಸಿವೆ ಗಾತ್ರದಲ್ಲಿ ಅಡಗಿಸಿಡುತ್ತದೆ.

ಆ ಹುಡುಗನಿಗೆ ಹೊಟ್ಟೆಯುರಿ ವಾಸಿಯಾಯಿತು. ಔಷಧಿಗಿಂತ ಹೆಚ್ಚಾಗಿ, ತಂದೆ ಹೊಡೆಯದೆ ಬಡಿಯದೆ ಎದುರಿಗೆ ಕೂರಿಸಿಕೊಂಡು ಮಾತನಾಡಿದ್ದು ಕೆಲಸಮಾಡಿತೆಂದು ನಾನು ನಂಬಿದ್ದೇನೆ. ನಿಮ್ಮ ಮನೆಯ ಮಕ್ಕಳ ಕೈಯಲ್ಲಿ ಬಣ್ಣದ ಪೊಟ್ಟಣ ಕಂಡರೆ ಗದರುವ ಮೊದಲು ಅದನ್ನು ತಿರುಗಿಸಿ, ಅವರ ಜೊತೆಯಲ್ಲಿಯೇ ಓದಿರಿ. ಒಳಗಿರುವುದು ಏನೆಂದು ಹೊದಿಕೆ ಹೇಳದಿದ್ದರೆ ಮನೆಯ ಹಿರಿಯರಾದರೂ ಹೇಳಬೇಕು.